ಬಾಗಿಲಲ್ಲಿ ಕೇಳಿದ ‘ಇಲ್ಲೆ’

ಹೊನ್ನಾವರದ ಆ ಕಲ್ಯಾಣ ಮಂಟಪದ ನಟ್ಟನಡುವೆ ಗೋಡೆಯಿಲ್ಲದ ಒಂದು ಬಾಗಿಲು ನಿಂತಿತ್ತು. ಬಡಗಿಯೊಬ್ಬನಿಂದ ಎರವಲು ತಂದ ಚೌಕಟ್ಟು, ಅದಕ್ಕೊಂದು ಒಂಟಿ ಕದ. ಬೀಳದಿರಲೆಂದು ಎರಡೂ ಬದಿಗೆ ಪ್ಲಾಸ್ಟಿಕ್ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿ ಒತ್ತಿ ಇಟ್ಟಿದ್ದರು. ಬಾಗಿಲಿನ ಆಚೆ ‘ಮನೆ’, ಈಚೆ ‘ರಸ್ತೆ’. ಕುರ್ಚಿಗಳ ಪಕ್ಕದಿಂದ ಯಾರು ಬೇಕಾದರೂ ಒಳಗೆ ನುಸುಳಬಹುದಿತ್ತು. ಆದರೆ ಹಾಗೆ ಮಾಡಿದವರಿಗೆ ಇನ್‌ಸ್ಪೆಕ್ಟರನಿಂದ ಬೈಗುಳ ಖಂಡಿತ.

“ಗೋಡೆ ಒಡ್ಕಂಡು ಬಂದ್ಯನಾ? ಬಾಗಿಲು ಬಡಿ ಮಾರಾಯಾ, ಬಾಗಿಲು ಬಡಿ!”

ಈ ಇನ್‌ಸ್ಪೆಕ್ಟರ್ ಹೈಸ್ಕೂಲಿನಲ್ಲಿ ನನ್ನ ಬೆಂಚಿನವನು. ನನ್ನನ್ನು ಈ ಕೆಲಸಕ್ಕೆ ಎಳೆದವನೂ ಅವನೇ. ಭಟ್ಕಳ, ಹೊನ್ನಾವರ, ಕುಮಟಾ ಮೂರೂ ಕಡೆಯ ಠಾಣೆಗಳಿಗೆ ಹೊಸದಾಗಿ ಬಂದ ಕಾನ್‌ಸ್ಟೇಬಲ್‌ಗಳಲ್ಲಿ ಹೆಚ್ಚಿನವರು ಘಟ್ಟದ ಮೇಲಿನವರು, ಅದರಲ್ಲೂ ವಿಜಯಪುರ, ಬಾಗಲಕೋಟೆ ಕಡೆಯವರು. ಕಾನೂನು, ಕವಾಯತು ಎಲ್ಲ ಕಲಿತು ಬಂದಿದ್ದರು. ಕರಾವಳಿಯ ಮನೆಯ ಬಾಗಿಲಲ್ಲಿ ನಿಂತು ಮಾತಾಡುವುದು ಮಾತ್ರ ಗೊತ್ತಿರಲಿಲ್ಲ. ಅದಕ್ಕೆ ಹತ್ತು ದಿನದ ಅಭಿನಯ ತರಬೇತಿ ಎಂದು ಇವನು ಯೋಜನೆ ಹಾಕಿದ. ಆಷಾಢವಾದ್ದರಿಂದ ಮದುವೆಗಳಿಲ್ಲ, ಮಂಟಪ ಖಾಲಿ. ಊರಿನವರು ದೂರುದಾರರಾಗಿ, ಆರೋಪಿಗಳಾಗಿ, ಕುಡುಕರಾಗಿ ನಟಿಸಬೇಕು. ಹೊಸಬರು ಅವರನ್ನು ಸಂಭಾಳಿಸಬೇಕು. ಪ್ರಸಂಗಗಳನ್ನು ಬರೆಯುವುದು, ನಡೆದದ್ದನ್ನು ಗಮನಿಸಿ ಹಾಳೆಯಲ್ಲಿ ದಾಖಲಿಸುವುದು ನನ್ನ ಪಾಲಿಗೆ ಬಂತು.

“ನೀ ಮನಶ್ಶಾಸ್ತ್ರ ಓದಿದವ. ಧಾರವಾಡದಾಗೆ ಅಷ್ಟು ವರ್ಷ ಇದ್ದೆ. ಇದಾದ್ರೂ ಉಪಯೋಗಕ್ಕೆ ಬರ್ಲಿ,” ಎಂದ.

ಕುಮಟಾದ ಕಾಲೇಜಿನಲ್ಲಿ ನಾನು ಪ್ರತಿವರ್ಷ ನೆನಪಿನ ಬಗ್ಗೆ ಒಂದು ಪಾಠ ಮಾಡುತ್ತೇನೆ. ಕಂಡದ್ದನ್ನು ಮನಸ್ಸು ಹಾಗೆಯೇ ಇಟ್ಟುಕೊಳ್ಳುವುದಿಲ್ಲ, ಪ್ರತಿ ಸಲ ತೆಗೆದಾಗಲೂ ಸ್ವಲ್ಪ ತಿದ್ದಿ ಇಡುತ್ತದೆ ಎಂದು ಹುಡುಗರಿಗೆ ಹೇಳುತ್ತೇನೆ. ಇದು ನನ್ನ ಬಗ್ಗೆಯೂ ನಿಜ. ಎರಡು ವರ್ಷವೋ ಮೂರು ವರ್ಷವೋ ಹಿಂದಿನ ಈ ಸಂಗತಿಯನ್ನು ನಾನು ಎಷ್ಟು ಸಲ ಹೇಳಿದ್ದೇನೆಂದರೆ, ಯಾವುದು ನಡೆದದ್ದು, ಯಾವುದು ಹೇಳುತ್ತ ಹೇಳುತ್ತ ಸೇರಿದ್ದು ಎಂದು ವಿಂಗಡಿಸುವುದು ಕಷ್ಟ. ಚೌಕಟ್ಟಿಗೆ ಕದವೇ ಇರಲಿಲ್ಲ, ಪರದೆ ಇತ್ತು ಎಂದು ಇನ್‌ಸ್ಪೆಕ್ಟರ್ ವಾದಿಸುತ್ತಾನೆ. ಕದ ಇತ್ತು. ಇಲ್ಲದಿದ್ದರೆ ಮುಂದಿನ ಗೊಂದಲವೇ ಆಗುತ್ತಿರಲಿಲ್ಲ ಎಂಬುದು ನನ್ನ ತರ್ಕ. ತರ್ಕ ನೆನಪಲ್ಲ, ಅದೂ ಗೊತ್ತು.

ನಟರನ್ನು ಹುಡುಕುವುದು ನಾನು ಹೆದರಿದಷ್ಟು ಕಷ್ಟವಾಗಲಿಲ್ಲ. ಸಂತೆಗುಳಿಯಿಂದ ನನ್ನ ಅತ್ತಿಗೆ ಬಂದರು. ಪ್ರಾಥಮಿಕ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು, ಮನೆಯಲ್ಲಿ ಕೂತು ಬೇಸತ್ತಿದ್ದರು. ದಿನಾ ಬೆಳಿಗ್ಗೆ ಕುಮಟಾಕ್ಕೆ ಬಸ್ಸಿನಲ್ಲಿ ಬಂದು, ಅಲ್ಲಿಂದ ನನ್ನ ಜೊತೆ ಹೊನ್ನಾವರದ ಬಸ್ಸು ಹತ್ತುತ್ತಿದ್ದರು. ತೊಡೆಯ ಮೇಲೆ ಚಕ್ಕುಲಿ ಡಬ್ಬಿ. ಭಟ್ಕಳದಿಂದ ಜವಳಿ ಅಂಗಡಿಯನ್ನು ಮಗನಿಗೆ ಬಿಟ್ಟುಕೊಟ್ಟ ಹಿರಿಯರೊಬ್ಬರು ಬಂದರು. ಮನೆಯಲ್ಲಿ ನವಾಯತಿ, ಅಂಗಡಿಯಲ್ಲಿ ಉರ್ದು, ಗಿರಾಕಿ ನೋಡಿಕೊಂಡು ಕನ್ನಡ ಅಥವಾ ಕೊಂಕಣಿ. ಎಲ್ಲರೂ ಅವರನ್ನು ಚಾಚಾ ಎಂದೇ ಕರೆದರು. ಅತ್ತಿಗೆ ಮಾತ್ರ ಸಾಹೇಬ್ರೇ ಎನ್ನುತ್ತಿದ್ದರು. ಬಸ್‌ಸ್ಟ್ಯಾಂಡಿನಲ್ಲಿ ಬ್ಯಾಗು ಕಳೆದುಕೊಂಡ ಪ್ರಯಾಣಿಕನ ಪಾತ್ರ ಚಾಚಾನದು. ಬ್ಯಾಗಿನಲ್ಲಿ ಏನಿತ್ತು ಎಂದು ಕೇಳಿದರೆ ಮೊದಲು ಬ್ಯಾಗು ಕೊಂಡ ಅಂಗಡಿಯ ಕಥೆ, ಆಮೇಲೆ ಅಂಗಡಿಯವನ ತಮ್ಮನ ಮದುವೆಯ ಕಥೆ. ದೂರು ಬರೆದುಕೊಳ್ಳಲು ಕೂತವರ ಪೆನ್ನು ಗಾಳಿಯಲ್ಲೇ ನಿಂತಿರುತ್ತಿತ್ತು. ನಾನೇ ಒಂದು ದಿನ ಚಡ್ಡಿ ಹಾಕಿ ಓಂ ಬೀಚಿನಲ್ಲಿ ಪಾಸ್‌ಪೋರ್ಟ್ ಕಳೆದುಕೊಂಡ ವಿದೇಶಿಯಾದೆ. ಒಬ್ಬ ಹುಡುಗ ಗಾಬರಿಯಾಗಿ ನನಗೆ ಸೆಲ್ಯೂಟ್ ಹೊಡೆದ. ಅತ್ತಿಗೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕದ್ದು ನೆನಪಿದೆ.

ಹೊಸಬರಲ್ಲಿ ಒಬ್ಬಳು ವಿಜಯಪುರ ಕಡೆಯ ಹುಡುಗಿ. ತೆಳ್ಳಗೆ, ಉದ್ದಕ್ಕೆ, ನಿಂತರೆ ಎರಡೂ ಹಿಮ್ಮಡಿ ಕೂಡಿಸಿಯೇ ನಿಲ್ಲುವವಳು. ಹಿಂದಿನ ತರಬೇತಿಯಲ್ಲಿ ಕಾಲು ಮುರಿದು ಒಂದು ಸಲ ತನ್ನ ತಂಡದಿಂದ ಹಿಂದೆ ಬಿದ್ದಿದ್ದಳು. ಇನ್ನೊಮ್ಮೆ ಹಿಂದೆ ಬಿದ್ದರೆ ಕೆಲಸ ಉಳಿಯುವುದು ಕಷ್ಟ ಎಂದು ಇನ್‌ಸ್ಪೆಕ್ಟರ್ ಮೊದಲ ದಿನವೇ ನನಗೆ ಹೇಳಿದ್ದ. ಅದು ಅವಳಿಗೂ ಗೊತ್ತಿತ್ತು. ಚಹಾದ ಹೊತ್ತಿನಲ್ಲಿ ಅತ್ತಿಗೆ ವಿಚಾರಿಸಿದಾಗ ತಲೆ ತಗ್ಗಿಸಿಕೊಂಡೇ ಹೇಳಿದಳು: “ಈ ಸಲ ಹೋತಂದ್ರ ಮುಗೀತ್ರಿ ಅಮ್ಮಾರ. ಅವ್ವಗ ಏನ್ ಹೇಳ್ಲಿ?”

ಅತ್ತಿಗೆ ಅವಳ ಕೈಗೆ ಎರಡು ಚಕ್ಕುಲಿ ಹೆಚ್ಚು ಹಾಕಿದರು.

ಕೊನೆಯ ದಿನದ ಪ್ರಸಂಗಕ್ಕೆ ಅಂಕವಿತ್ತು. ನಾನು ಬರೆದದ್ದು ಸರಳ. ಒಂದು ಮನೆಯಿಂದ ಜಗಳದ ಸದ್ದು ಬಂತೆಂದು ನೆರೆಯವರು ಫೋನ್ ಮಾಡಿದ್ದಾರೆ. ಕಾನ್‌ಸ್ಟೇಬಲ್ ಬಾಗಿಲು ಬಡಿಯುತ್ತಾರೆ. ಹೆಂಡತಿ ಕದವನ್ನು ಅರ್ಧ ತೆರೆದು ಮಾತಾಡುತ್ತಾಳೆ. ಗಂಡ ಹೊಡೆದು ಹೊರಗೆ ಹೋಗಿದ್ದಾನೆ, ಆದರೆ ಅವಳು ಅದನ್ನು ಹೇಳುವುದಿಲ್ಲ. ಆತುರ ಮಾಡಿದರೆ ಏನೂ ಹೊರಗೆ ಬರುವುದಿಲ್ಲ. ತಾಳ್ಮೆಯಿಂದ ಇದ್ದರೆ ಬಾಯಿ ಬಿಡುತ್ತಾಳೆ. ಅಳೆಯಬೇಕಾದದ್ದು ಆ ತಾಳ್ಮೆಯನ್ನು. ಹೆಂಡತಿಯ ಪಾತ್ರ ಅತ್ತಿಗೆಯದು. ನಾನು ಬರೆದ ಮಾತುಗಳನ್ನು ಓದಿ ಅವರು ಕನ್ನಡಕ ತೆಗೆದರು.

“ತಮಾ, ಎಂತ ಬರದ್ದೆ ಇದು? ಪೆಟ್ಟು ತಿಂದ ಹೆಂಗಸು ‘ನನ್ನ ಯಜಮಾನರು ಮನೆಯಲ್ಲಿಲ್ಲ’ ಹೇಳಿ ಪುಸ್ತಕ ಓದಿದಾಂಗೆ ಹೇಳ್ತಾ?”

“ನಿಮಗೆ ಬಂದ ಹಾಗೆ ಹೇಳಿ ಅತ್ತಿಗೆ,” ಎಂದೆ. ಎಲ್ಲ ಶುರುವಾದದ್ದು ನನ್ನ ಈ ಅನುಮತಿಯಿಂದ.

ಆ ಹುಡುಗಿಯ ಸರದಿ ಬಂತು. ಹೊರಗೆ ಮಳೆ ಜೋರಾಗಿ, ಊಟದ ಹಾಲ್‌ನ ತಗಡಿನ ಮಾಡಿನ ಮೇಲೆ ಒಂದೇ ಸಮನೆ ಸದ್ದು. ಅವಳು ಬಾಗಿಲು ಬಡಿದಳು. ಕದ ನಾಲ್ಕು ಬೆರಳು ತೆರೆಯಿತು. ನಿಮ್ಮ ಮನೆಯವರ ಹತ್ತಿರ ಮಾತಾಡಬೇಕಿತ್ತು ಎಂದು, ಅವರ ಬಗ್ಗೆ ಕೇಳಿದಳು. ಕದದ ಹಿಂದಿನಿಂದ ಅತ್ತಿಗೆಯ ದನಿ ಬಂತು. ಮರುಕ್ಷಣ ಹುಡುಗಿ ಕದವನ್ನು ಭುಜದಿಂದ ದೂಡಿ ಒಳಗೆ ನುಗ್ಗಿ, ಅತ್ತಿಗೆಯನ್ನು ದಾಟಿ, ಮಂಟಪದ ಬದಿಯ ಕೋಣೆಯ ಬಾಗಿಲು ತೆರೆದಳು. ಅದರ ಮೇಲೆ ‘ವಧುವಿನ ಕೋಣೆ’ ಎಂಬ ಬೋರ್ಡಿತ್ತು. ಒಳಗಿನಿಂದ ಗದ್ದಲ ಕೇಳಿತು. ಹುಡುಗಿ ಚಾಚಾನ ಮಣಿಕಟ್ಟು ಹಿಡಿದುಕೊಂಡು ಹೊರಬಂದಳು. ತಮ್ಮ ಸರದಿಗೆ ಕಾಯುತ್ತ, ಮುಖದ ಮೇಲೆ ಟವೆಲ್ ಹಾಕಿಕೊಂಡು ಅವರು ಅಲ್ಲಿ ಮಲಗಿದ್ದರು.

“ಅರೇ ಬೇಟಿ, ನಂದು ಸೀನ್ ಇನ್ನೂ ಬಂದಿಲ್ಲ! ನಾನು ಬ್ಯಾಗ್ ಕಳಕೊಂಡವ, ಕದ್ದವ ಅಲ್ಲ!”

“ಮದುಮಗಳ ಕೋಣೇಲಿ ಮಲಗಿದ್ರೆ ಮತ್ತೆಂತ ಆಗ್ತದೆ ಚಾಚಾ,” ಎಂದ ಇನ್‌ಸ್ಪೆಕ್ಟರ್. ಇಡೀ ಮಂಟಪ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ. ನಗದಿದ್ದವಳು ಅವಳೊಬ್ಬಳೇ. ಚಾಚಾನ ಕೈಯನ್ನು ಇನ್ನೂ ಬಿಟ್ಟಿರಲಿಲ್ಲ.

ನಗು ನಿಂತ ಮೇಲೆ ಇನ್‌ಸ್ಪೆಕ್ಟರನ ಮುಖ ಬದಲಾಯಿತು. “ಹೆಂಗ್ಸು ಗಂಡ ಇಲ್ಲ ಹೇಳಿದ ಮೇಲೆ ದೂಡ್ಕಂಡು ಒಳಗೆ ಹೋದೆ. ನಾಳೆ ನಿಜವಾದ ಮನೇಲಿ ಹೀಗೆ ಮಾಡಿದ್ರೆ? ನಾಪಾಸು.”

“ಸರ, ಅವ್ರು ಇಲ್ಲೇ ಅಂದ್ರಲ್ರಿ!” ಅವಳು ಚಾಚಾನ ಕೈ ಬಿಟ್ಟಳು. “ಇಲ್ಲೇ ಅದಾರ ಅಂದ್ರು. ಅಂಜಿ ಸಣ್ಣ ದನೀಲೆ ಹೇಳ್ಯಾರ ಅಂದ್ಕೊಂಡೆ. ಅದಕ್ಕ ಒಳಗ ಹೋದೆ.”

“ಆನು ಇಲ್ಲೆ ಹೇಳೇ ಹೇಳಿದ್ದಿ,” ಎಂದರು ಅತ್ತಿಗೆ. “ಗಂಡ ಇಲ್ಲೆ. ಇದ್ದಿದ್ರೆ ಇದ್ದ ಹೇಳ್ತಿದ್ದಿ.”

ನಮ್ಮ ಮನೆಗಳಲ್ಲಿ ‘ಇಲ್ಲೆ’ ಎಂದರೆ ಇಲ್ಲ. ಹುಟ್ಟಿದಾಗಿನಿಂದ ಕೇಳಿದ ಮಾತು. ಅದು ಇನ್ನೊಬ್ಬರ ಕಿವಿಯಲ್ಲಿ ‘ಇಲ್ಲೇ’ ಆಗಬಹುದೆಂದು, ಇಲ್ಲದ ಗಂಡ ಒಂದು ಸ್ವರದ ಎಳೆತದಲ್ಲಿ ಮನೆಯೊಳಗೆ ಪ್ರತ್ಯಕ್ಷನಾಗಬಹುದೆಂದು, ಇಷ್ಟೆಲ್ಲ ಓದಿಯೂ ನನಗೆ ಹೊಳೆದಿರಲಿಲ್ಲ.

ಇನ್‌ಸ್ಪೆಕ್ಟರ್ ಕುಮಟಾದವನು. ಅವನ ಮನೆಯ ಮಾತು ಬೇರೆಯಾದರೂ ನಮ್ಮ ‘ಇಲ್ಲೆ’ ಕೇಳಿಯೇ ಬೆಳೆದವನು, ಹಾಗಾಗಿ ಅವನಿಗೂ ‘ಇಲ್ಲ’ ಎಂದೇ ಕೇಳಿಸಿತ್ತು. ಅವನು ನನ್ನತ್ತ ಕೈ ಚಾಚಿದ. “ಮಾಸ್ತರು ಎಂತ ಬರ್ದಿದ್ದಾರೆ ನೋಡ್ವ. ಅದೇ ಕಡೆ ಮಾತು.”

ನಾನು ಹಾಳೆ ನೋಡಿದೆ. ನನ್ನದೇ ಅಕ್ಷರ, ಇಂಕಿನಲ್ಲಿ: ‘ಗಂಡ ಮನೆಯಲ್ಲಿಲ್ಲ ಎಂದು ಮಹಿಳೆ ಸ್ಪಷ್ಟವಾಗಿ ತಿಳಿಸಿದರು.’

ಸ್ಪಷ್ಟವಾಗಿ! ಈ ಪದ ಎಲ್ಲಿಂದ ಬಂತು? ತಗಡಿನ ಮೇಲೆ ಮಳೆ, ಅರ್ಧ ಮುಚ್ಚಿದ ಕದ, ಸೆರಗು ಬಾಯಿಗೆ ಅಡ್ಡ ಹಿಡಿದ ಹೆಂಗಸು. ಸ್ಪಷ್ಟವಾಗಿರಲು ಸಾಧ್ಯವೇ ಇರಲಿಲ್ಲ. ಅತ್ತಿಗೆ ಏನು ಹೇಳಿದರೆಂದು ನಾನು ಬರೆದಿರಲಿಲ್ಲ. ನನಗೆ ಏನು ಅರ್ಥವಾಯಿತೆಂದು ಬರೆದಿದ್ದೆ. ಕಣ್ಣು ಮುಚ್ಚಿ ಆ ದನಿಯನ್ನು ಮತ್ತೆ ಕೇಳಿಸಿಕೊಳ್ಳಲು ಯತ್ನಿಸಿದೆ. ಗಿಡ್ಡ ಸ್ವರವೋ, ಉದ್ದವೋ? ಒಮ್ಮೆ ಹೀಗೆ ಕೇಳಿತು, ಒಮ್ಮೆ ಹಾಗೆ. ಹುಡುಗಿ ಕೇಳಿದ್ದು ‘ಮನೆಯವರು ಅದಾರೇನ್ರಿ’ ಎಂದೋ, ‘ಎಲ್ಲಿ ಅದಾರ್ರಿ’ ಎಂದೋ? ಎಲ್ಲಿ ಎಂದು ಕೇಳಿದ್ದರೆ ‘ಇಲ್ಲೇ’ ಎಂದು ತಿಳಿದದ್ದರಲ್ಲಿ ತಪ್ಪೇನು? ಎರಡೂ ಪ್ರಶ್ನೆಗಳು ಅವಳದೇ ದನಿಯಲ್ಲಿ ನನ್ನ ತಲೆಯೊಳಗೆ ಸಲೀಸಾಗಿ ಓಡಿದವು. ತರಗತಿಯಲ್ಲಿ ಇದನ್ನೇ ಹೇಳುವಾಗ ಎಷ್ಟು ನಿರಾಳವಾಗಿರುತ್ತೇನೆ! ಇಲ್ಲಿ ಒಬ್ಬ ಹುಡುಗಿಯ ಕೆಲಸ ನನ್ನ ಒಂದು ಪದದ ಮೇಲೆ ನಿಂತಿತ್ತು.

ಎದ್ದು ಹೊರಗೆ ಹೋದೆ, ಬಂದೆ, ಮತ್ತೆ ಹೋದೆ.

“ಎಂತದಾ ಮಾರಾಯಾ, ಒಂದ್ಕಡೆ ಕೂತ್ಕಾ. ಬರ್ದದ್ದನ್ನ ಓದು,” ಎಂದ ಇನ್‌ಸ್ಪೆಕ್ಟರ್.

“ಬರೆದದ್ದು ತಪ್ಪು.”

“ಇಂಕಿನಲ್ಲಿ ಬರ್ದಿದ್ಯಲ್ಲಾ!”

“ತಪ್ಪನ್ನೂ ಇಂಕಿನಲ್ಲೇ ಬರೆಯಬಹುದು. ಅವಳಿಗೆ ಇಲ್ಲೇ ಎಂದು ಕೇಳಿಸಿರಬಹುದು. ಪರೀಕ್ಷೆ ಮಾಡೋಣ.”

ನನ್ನ ಯೋಜನೆ ಸರಿಯಾಗಿಯೇ ಇತ್ತು. ಅತ್ತಿಗೆ ಮತ್ತೆ ಕದದ ಹಿಂದೆ ನಿಂತು ಅದೇ ಮಾತು ಹೇಳುವುದು; ಹೊಸಬರೆಲ್ಲ ಕೇಳಿಸಿದ್ದನ್ನು ಚೀಟಿಯಲ್ಲಿ ಬರೆಯುವುದು. ಚೀಟಿ ಹಂಚಿದೆ. ಎಲ್ಲರೂ ಪೆನ್ನು ಹಿಡಿದು ಕೂತರು. ಕದದ ಹಿಂದಿನಿಂದ, ಅಷ್ಟು ವರ್ಷ ಮಕ್ಕಳಿಗೆ ಉಕ್ತಲೇಖನ ಹೇಳಿದ ದನಿ ತೇಲಿ ಬಂತು:

“ಇಲ್. ಲ.”

“ಅತ್ತಿಗೆ! ಹಾಗಲ್ಲ, ಆಗ ಹೇಳಿದಿರಲ್ಲ, ಹಾಗೆ!”

“ಆಗ ಹ್ಯಾಂಗೆ ಹೇಳಿದ್ದಿ ಹೇಳಿ ಎಂಗೆಂತ ಗೊತ್ತು? ಎಲ್ಲ ಕೈಯಲ್ಲಿ ಪೆನ್ನು ಹಿಡ್ಕಂಡು ಕೂತ್ರೆ ಬಾಯಿ ತನ್ನಷ್ಟಕ್ಕೆ ಶುದ್ಧ ಆಗ್ತು ತಮಾ.”

ಎರಡನೇ ಸಲವೂ ಆಕಾಶವಾಣಿಯ ವಾರ್ತೆಯೇ ಬಂತು. ಮೂರನೇ ಸಲ ಅತ್ತಿಗೆಗೆ ನಗು ತಡೆಯಲಾಗಲಿಲ್ಲ. ಚೀಟಿಗಳಲ್ಲೆಲ್ಲ ‘ಇಲ್ಲ’. ಇನ್‌ಸ್ಪೆಕ್ಟರ್ ನನ್ನ ಕಡೆ ಕರುಣೆಯಿಂದ ನೋಡಿ, ಚಹಾ ತರಲು ಹೇಳಿ, ತನ್ನ ಕಡತ ಎಳೆದುಕೊಂಡ. ಹುಡುಗಿ ಕಂಬದ ಪಕ್ಕದಲ್ಲಿ ಹಿಮ್ಮಡಿ ಕೂಡಿಸಿಕೊಂಡು ನಿಂತಿದ್ದಳು. ಅಳುತ್ತಿರಲಿಲ್ಲ. ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತಿದ್ದಳು.

ಚಹಾ ಬಂತು. ಅತ್ತಿಗೆ ಡಬ್ಬಿ ತೆರೆದು ಚಕ್ಕುಲಿ ಹಂಚುತ್ತ ಸಾಲಿನ ಕೊನೆಯವರೆಗೆ ಹೋಗಿ, ಅಲ್ಲಿಯೇ ಕಿಟಕಿಯ ಹತ್ತಿರ ಬೆನ್ನು ಮಾಡಿ ನಿಂತು ಡಬ್ಬಿಯ ತಳ ಕೊಡವುತ್ತಿದ್ದರು. ಬಂಧನದ ಆಯಾಸವಿನ್ನೂ ಆರದ ಚಾಚಾ ಈ ಕಡೆಯಿಂದ ಕೂಗಿದರು: “ಅಮ್ಮಾ, ಚಕ್ಕುಲಿ ಇನ್ನೂ ಇದ್ಯಾ?”

“ಇಲ್ಲೆ!” ಎಂದರು ಅತ್ತಿಗೆ, ತಿರುಗಿ ನೋಡದೆ.

ಚಾಚಾ ನಿಟ್ಟುಸಿರು ಬಿಟ್ಟು ಬರಿಯ ಚಹಾ ಕುಡಿದರು. ಅದೇ ಹೊತ್ತಿಗೆ ಘಟ್ಟದ ಮೇಲಿನ ಮೂವರು ಹುಡುಗರು ಒಟ್ಟಿಗೆ ಎದ್ದು, ತಟ್ಟೆ ಹಿಡಿದುಕೊಂಡು ಕಿಟಕಿಯ ಕಡೆ ನಡೆದರು.

ಇನ್‌ಸ್ಪೆಕ್ಟರನ ಪೆನ್ನು ನಿಂತಿತು. “ಎಲ್ಲಿಗ್ರಾ ಸವಾರಿ?”

“ಚಕ್ಕುಲಿಗ್ರಿ ಸರ.”

“ಚಕ್ಕುಲಿ ಉಂಟು ಹೇಳಿ ಯಾರು ಹೇಳಿದ್ದು?”

“ಅಮ್ಮಾರು ಈಗ ಅಂದ್ರಲ್ರಿ, ಇಲ್ಲೇ ಅಂತ.”

ಅತ್ತಿಗೆ ಬರಿದಾದ ಡಬ್ಬಿ ಹಿಡಿದು ತಿರುಗಿದರು. ಮೂರು ತಟ್ಟೆಗಳು ಅವರ ಮುಂದೆ ಸಾಲಾಗಿ ನಿಂತಿದ್ದವು. ಆಮೇಲೆ ಅತ್ತಿಗೆ ಡಬ್ಬಿಯನ್ನು ಕಿಟಕಿಯ ಮೇಲಿಟ್ಟು, ಕಂಬದ ಹತ್ತಿರ ಹೋಗಿ ಹುಡುಗಿಯ ಗಲ್ಲ ಮುಟ್ಟಿದರು. “ಎನ್ನ ತಪ್ಪೇ ಕೂಸೆ. ಎನ್ನ ಬಾಯಿದೇ ತಪ್ಪು.”

ನಾನು ಇನ್‌ಸ್ಪೆಕ್ಟರನ ಎದುರಿನಲ್ಲೇ ಹಾಳೆಯ ಮೇಲಿನ ವಾಕ್ಯವನ್ನು ಹೊಡೆದು ಹಾಕಿದೆ. ಅದರ ಕೆಳಗೆ ‘ಮಹಿಳೆ ಹೇಳಿದ್ದು ಏನೆಂದು ನನಗೆ ಖಚಿತವಿಲ್ಲ’ ಎಂದು ಬರೆದು ಸಹಿ ಮಾಡಿದೆ. ನಾನು ಬರೆದ ವರದಿಗಳಲ್ಲೆಲ್ಲ ಅಷ್ಟು ನಿಜವಾದ ವಾಕ್ಯ ಇನ್ನೊಂದಿರಲಿಕ್ಕಿಲ್ಲ.

ಆದರೆ ನನ್ನ ಗೆಳೆಯ ಸುಲಭಕ್ಕೆ ಬಗ್ಗುವವನಲ್ಲ. ಹಾಳೆ ಓದಿ, ಹುಡುಗಿಯನ್ನು ಕರೆದ. “ಕಿವಿ ತಪ್ಪು ಕೇಳಿದ್ದು ನಿನ್ನ ತಪ್ಪಲ್ಲ. ಆತು, ಒಪ್ಪಿದೆ. ಆದ್ರೆ ಕೇಳಿದ್ದು ಸಮ ಆಯ್ತಾ ಇಲ್ವಾ ಹೇಳಿ ಎರಡ್ನೇ ಸಲ ಕೇಳ್ಬೇಕಿತ್ತು. ಭಾಷೆ ಬರದ ಊರಲ್ಲಿ ನಿಂಗೆ ಅದೊಂದೇ ಲಾಠಿ. ಇನ್ನೊಂದು ಸಲ ಮಾಡು. ಅಕ್ಕಾ, ನೀವು ಈ ಸಲ ಸ್ವಲ್ಪ ಗಟ್ಟಿ ಇರಿ. ಅದ್ರ ಮುಖ ನೋಡಿ ಕರಗೂದಲ್ಲ.”

“ಎಂಗೆ ಯಾರೂ ಹೇಳಿಕೊಡದು ಬೇಡ,” ಎಂದು ಅತ್ತಿಗೆ ಕದದ ಹಿಂದೆ ಹೋದರು.

ಬಾಗಿಲು ಬಡಿದ ಸದ್ದು. ನಾಲ್ಕು ಬೆರಳು ತೆರೆದ ಕದ.

“ಅಮ್ಮಾರ, ಮನ್ಯಾವ್ರು ಅದಾರೇನ್ರಿ?”

“ಇಲ್ಲೆ.”

ಈ ಸಲ ನಾನು ಕಿವಿಯನ್ನು ಆ ಸ್ವರದ ಮೇಲೆಯೇ ಇಟ್ಟಿದ್ದೆ. ಆದರೂ ಗಿಡ್ಡವೋ ಉದ್ದವೋ ಎಂದು ಆಣೆ ಮಾಡಿ ಹೇಳಲಾರೆ.

ಹುಡುಗಿಯ ಭುಜ ಒಂದಿಷ್ಟು ಮುಂದೆ ಬಂತು, ನಿಂತಿತು. “ಇಲ್ಲೆ ಅಂದ್ರ, ಮನ್ಯಾಗ ಇಲ್ಲ ಅಂತೇನ್ರಿ? ಇಲ್ಲಾ, ಇಲ್ಲೇ ಒಳಗ ಅದಾರ್ರಿ? ನಮ್ಮ ಕಡೆ ಮಾತು ಬ್ಯಾರೇರಿ. ತಪ್ಪು ತಿಳ್ಕೊಬಾರ್ದು ಅಂತ ಕೇಳಾಕತ್ತೀನಿ.”

“ಹೊರಗೆ ಹೋಗಿದ್ದ.”

“ಯಾವಾಗ ಬರ್ತಾರ್ರಿ?”

“ಗೊತ್ತಿಲ್ಲೆ. ಬಂದ್ರೆ ಎಂತ ಮಾಡ್ತೆ ನೀನು?”

“ಏನೂ ಇಲ್ರಿ. ಬರೂತನಾ ಇಲ್ಲೇ ಕುಂದರ್ತೀನಿ.”

ಅವಳು ಚೌಕಟ್ಟಿನ ಈಚೆ ನೆಲದ ಮೇಲೆ ಕೂತಳು. ಟೋಪಿ ತೊಡೆಯ ಮೇಲೆ. ಪ್ರಸಂಗದಲ್ಲಿ ಇದು ಇರಲಿಲ್ಲ. ಅತ್ತಿಗೆ ನಿಂತೇ ಇದ್ದರು. ಎಷ್ಟು ಹೊತ್ತೋ, ಹತ್ತು ನಿಮಿಷ ಎಂದು ನಾನು ಹೇಳುತ್ತೇನೆ, ಇನ್‌ಸ್ಪೆಕ್ಟರ್ ಎರಡೇ ಎನ್ನುತ್ತಾನೆ. ಹುಡುಗಿ ಒಂದು ಮಾತೂ ಆಡಲಿಲ್ಲ. ಕೊನೆಗೆ ಕದ ಪೂರ್ತಿ ತೆರೆಯಿತು. ಅತ್ತಿಗೆಯೂ ಹೊಸ್ತಿಲ ಆಚೆ ಕೂತರು. ಬಲಗೈಯನ್ನು ಎಡಗೈಯಿಂದ ಮುಚ್ಚಿಕೊಂಡು, ಗಂಜಿಯ ಬಟ್ಟಲು ಎಸೆದದ್ದು, ಕೈಗೆ ತಾಗಿದ್ದು, ಆಮೇಲೆ ಅವನೇ ನೆಲ ಒರೆಸಿ ಚಪ್ಪಲಿ ಮೆಟ್ಟಿಕೊಂಡು ಹೋದದ್ದು ಎಲ್ಲ ಹೇಳಿದರು. ನಾನು ಗಂಜಿಯ ಬಗ್ಗೆ ಬರೆದಿರಲಿಲ್ಲ, ನೆಲ ಒರೆಸುವ ಗಂಡನ ಬಗ್ಗೆಯೂ ಬರೆದಿರಲಿಲ್ಲ. ಆ ಸಂಜೆ ವಾಪಸು ಹೋಗುವಾಗ ಬಸ್ಸಿನಲ್ಲಿ ಅತ್ತಿಗೆಯನ್ನು ಕೇಳಿದೆ. ತಮ್ಮ ಶಾಲೆಯ ಹತ್ತಿರದ ಒಬ್ಬಳು ಹೇಳಿದ್ದು, ಅವಳ ಬಾಗಿಲಿಗೆ ಯಾರೂ ಬಂದಿರಲಿಲ್ಲ ಎಂದಷ್ಟೇ ಅಂದರು.

ಹುಡುಗಿ ಎಲ್ಲ ಕೇಳಿಸಿಕೊಂಡು, “ಕೈ ತೋರಸ್ರಿ ಅಮ್ಮಾರ,” ಎಂದಳು. ನಿಜವಾಗಿ ಏನೂ ಆಗಿರದ ಆ ಕೈಯನ್ನು ಜೋಪಾನವಾಗಿ ತಿರುಗಿಸಿ ನೋಡಿದಳು. ಚಾಚಾ ಟವೆಲಿನಿಂದ ಕಣ್ಣು ಒರೆಸಿಕೊಂಡರು. ಮೂಗು ಒರೆಸಿದ್ದು ಎಂದು ಅವರ ಹೇಳಿಕೆ.

ಇನ್‌ಸ್ಪೆಕ್ಟರ್ ಕಡತದಲ್ಲಿ ಏನೋ ಬರೆದು ನನಗೆ ತೋರಿಸಿದ. ‘ಉತ್ತೀರ್ಣ’ ಎಂದಿತ್ತು. ಅವನು ಯಾವಾಗಲೂ ಬರೆಯುವಂತೆ ಒತ್ತಕ್ಷರ ತಪ್ಪಿತ್ತು. ತಿದ್ದಲು ಹೋಗಲಿಲ್ಲ.

ಹುಡುಗಿ ಸೆಲ್ಯೂಟ್ ಹೊಡೆದು, ನಡೆದು ಹೋಗಿ, ಬಾಗಿಲು ದಾಟಿದ ಮೇಲೆ ಓಡಿದಳು. ಮಂಟಪದ ಮೆಟ್ಟಿಲ ಮೇಲೆ, ಮಳೆಯ ಇರಚಲು ತಾಗದ ಮೂಲೆಯಲ್ಲಿ ನಿಂತು ಫೋನ್ ಹಚ್ಚಿದಳು. ಎಂದಿನಂತೆ ನಾನೂ ಆ ಹೊತ್ತಿಗೆ ಹೊರಗೆ ಅಡ್ಡಾಡುತ್ತಿದ್ದೆ. ಆ ಕಡೆಯ ಪ್ರಶ್ನೆ ನನಗೆ ಕೇಳಿಸಲಿಲ್ಲ. ಇವಳ ಉತ್ತರ ಮಾತ್ರ ಕೇಳಿಸಿತು.

“ಆತು ಅವ್ವ. ಹೂಂ, ಆತು.”

‘ಆತು’ ಎಂಬ ಮಾತು ಅವರ ಕಡೆಯೂ ಹಾಗೆಯೇ, ನಮ್ಮ ಕಡೆಯೂ ಹಾಗೆಯೇ. ನಾನು ಒಳಗೆ ಹೋಗಿ ಅತ್ತಿಗೆಗೆ ಹೇಳಿದೆ: “ತಾಯಿಗೆ ತಿಳಿಸಿದಳು.”

“ಎಂತ ಹೇಳ್ಚು ಕೂಸು?”

ಕೇಳಿದ್ದನ್ನು ಕೇಳಿದ ಹಾಗೆಯೇ ಹೇಳಿದೆ.